ಗಾಡಿಯ ಮೊಣಕಾಲು, ಮಿಸ್ತ್ರಿಯ ಬೆರಳು

ಮಿಸ್ತ್ರಿಯ ಬಲಗೈ ತೋರುಬೆರಳು ಮೊದಲ ಗೆಣ್ಣಿನಲ್ಲೇ ಒಳಕ್ಕೆ ಡೊಂಕಾಗಿತ್ತು. ಪುಣೆಯ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಾಗ ಚೈನಿಗೆ ಸಿಕ್ಕು ಹಾಗಾಯಿತಂತೆ. ಉಗುರಿನ ಸುತ್ತ ಗ್ರೀಸಿನ ಕಪ್ಪು ಗೆರೆ, ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ರೊಟ್ಟಿ ಮುರಿಯುವಾಗ, ಪೆನ್ನು ಹಿಡಿಯುವಾಗ ಆ ಬೆರಳು ತಕರಾರು ಮಾಡುತ್ತಿತ್ತು. ಬೇರಿಂಗಿನ ತೂತಿಗೆ ಮಾತ್ರ ಹೇಳಿ ಮಾಡಿಸಿದ ಹಾಗಿತ್ತು.

ಅಫಜಲಪುರದಿಂದ ಸೊನ್ನದ ಕಡೆ ಹೋಗುವ ರಸ್ತೆಯ ಪಕ್ಕದಲ್ಲಿ ಅವರ ಗಾಡಿ ರಿಪೇರಿಯ ತಗಡಿನ ಶೆಡ್ಡು. ಊರಿಗೆಲ್ಲ ಅವರು ಮಿಸ್ತ್ರಿ. ನಾನು ದನದ ದವಾಖಾನೆಯ ಕಂಪೌಂಡರ್. ಮಣ್ಣೂರ ಕಡೆ ಹೊಳೆದಂಡೆಯ ಹೊಲದಲ್ಲಿ ಎಮ್ಮೆ ಈಯಲಾರದೆ ಒದ್ದಾಡುತ್ತಿದ್ದರೆ ದಾರಿಗೆ ಡಾಂಬರು ಹಾಕುವ ತನಕ ಕಾಯಲು ಬರುವುದಿಲ್ಲ. ಅದಕ್ಕೆಂದೇ ಸೊಲ್ಲಾಪುರದಲ್ಲಿ ಹಳೆಯದೊಂದು ಡರ್ಟ್ ಬೈಕ್ ಕೊಂಡಿದ್ದೆ. ಎರೆಮಣ್ಣಿನ ಕೆಸರಲ್ಲೂ ಕಾಲು ಎಳೆದುಕೊಂಡು ಹೋಗುವ ಎತ್ತರದ ಗಾಡಿ. ಅದರ ಹಿಂದಿನ ಗಾಲಿಗೂ ನಡುವಿನ ಒಂಟಿ ಶಾಕ್ ಅಬ್ಸಾರ್ಬರಿಗೂ ನಡುವೆ ಮಡಚಿ ಬಿಚ್ಚುವ ಕಬ್ಬಿಣದ ಕೀಲುಗಳಿರುತ್ತವೆ. ಅವುಗಳೊಳಗೆ ಸೂಜಿಯಂಥ ಉಕ್ಕಿನ ಕಡ್ಡಿಗಳ ಬೇರಿಂಗು. ಮಿಸ್ತ್ರಿ ಅದನ್ನೆಲ್ಲ ಸೇರಿಸಿ ಮೊಣಕಾಲು ಎನ್ನುತ್ತಿದ್ದರು. ಮೊದಲ ಸಲ ಹೋದಾಗ ಸೀಟಿನ ಮೇಲೆ ಕೈಯೂರಿ ಎರಡು ಸಲ ಒತ್ತಿ, ಕಿವಿಗೊಟ್ಟು ಹೇಳಿದರು: "ಡಾಕ್ಟ್ರ, ನಿಮ್ಮ ಗಾಡಿ ಮೊಣಕಾಲ ಅಳಾಕತ್ತದ. ದನದ ನೋವು ತಿಳೀತದ, ಇದರದ್ದು ತಿಳಿಲಿಲ್ಲೇನು?"

ನಾನು ಡಾಕ್ಟರ್ ಅಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಚೇಷ್ಟೆಗೆ ಹಾಗೆ ಕರೆಯುತ್ತಿದ್ದರು.

ಶೆಡ್ಡಿನ ತಗಡಿನ ಮೇಲೆ ತಾವೇ ಬಣ್ಣದಲ್ಲಿ ಬರೆದಿದ್ದರು: "ಇಲ್ಲಿ ಗಾಡಿ ತೊಳೆಯುವುದಿಲ್ಲ. ತೊಳೆಸಿಕೊಂಡೂ ಬರಬೇಡಿರಿ." ಬರೆದದ್ದು ಸಾಲದೆಂದು ಬಾಯಿಯಲ್ಲೂ ಹೇಳುತ್ತಿದ್ದರು, ಅದೂ ಜೋರಾಗಿ. ಒಮ್ಮೆ ಜೇವರ್ಗಿಯ ಒಬ್ಬ ಮಾಸ್ತರರು ಥಳಥಳ ಹೊಳೆಯುವ ಗಾಡಿ ತಂದು ನಿಲ್ಲಿಸಿದರು. ಮಿಸ್ತ್ರಿಗೆ ಸಿಟ್ಟು ನೆತ್ತಿಗೇರಿತು. "ಮಾಸ್ತರ್ರ, ಲಗ್ನಕ್ಕ ಹೊಂಟೀರೋ ರಿಪೇರಿಗಿ ಬಂದೀರೋ? ಪೈಪ್ ಹಚ್ಚಿ ಜೋರ್ ನೀರ್ ಹೊಡಿಸಿದ್ರ ಸೀಲ್ ದಾಟಿ ಒಳಗ ಹೋಗ್ತದ. ಗ್ರೀಸ್ ಹೊರಗ, ನೀರ್ ಒಳಗ. ಮ್ಯಾಲ ಮದುಮಗ, ಒಳಗ ಜಂಗ!" ಬಯ್ಯುತ್ತಲೇ ಗಾಡಿ ಬಿಚ್ಚಿ ಒಳಗಿನ ತುಕ್ಕು ತೋರಿಸಿದರು.

ಅವರ ಕೆಲಸ ನೋಡಲು ಕುಳಿತರೆ ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ. ಗಾಡಿಯ ಹೊಟ್ಟೆಯ ಕೆಳಗೆ ಮರದ ತುಂಡು ಕೊಟ್ಟು ಹಿಂದಿನ ಗಾಲಿ ಎತ್ತುವರು. ಬೋಲ್ಟು ಬಿಡಿಸಿ ಕೀಲು ಹೊರತೆಗೆದು, ಹಳೆಯ ಧೋತರದ ಬಿಳಿ ತುಂಡಿನ ಮೇಲೆ ಸೂಜಿಗಳನ್ನು ಒಂದೊಂದಾಗಿ ಇಡುವರು. ಡೀಸೆಲ್ಲಿನಲ್ಲಿ ತೊಳೆದು, ಒರೆಸಿ, ಪ್ರತಿಯೊಂದನ್ನೂ ಹೆಬ್ಬೆರಳು ತೋರುಬೆರಳ ನಡುವೆ ಕಣ್ಣುಮುಚ್ಚಿ ಹೊರಳಿಸುವರು. ತರಿ ಹತ್ತಿದರೆ ಆ ಸೂಜಿ ಬೇರೆ ಕಡೆಗೆ. ಆಮೇಲೆ ಆ ಡೊಂಕು ಬೆರಳ ತುದಿಗೆ ಗ್ರೀಸು ಹಚ್ಚಿ ತೂತಿನ ಗೋಡೆಗೆ ಒಳಗಿನಿಂದ ಮೆತ್ತುವರು, ಸೂಜಿಗಳನ್ನು ಅದರಲ್ಲಿ ನೆಡುವರು. ಬೆರಳೇ ಯಾಕೆ, ಕಡ್ಡಿಯಿಂದ ಹಚ್ಚಬಾರದೇ ಎಂದು ಕೇಳಿದ್ದಕ್ಕೆ ನನ್ನನ್ನು ದಡ್ಡನನ್ನು ನೋಡಿದಂತೆ ನೋಡಿದರು. "ಕಡ್ಡಿಗೇನ್ ತಿಳೀತದ? ಮುಟ್ಟಲಾರ್ದ ಹ್ಯಾಂಗ ಗೊತ್ತಾಗ್ತದ್ರಿ?"

ಶೆಡ್ಡಿನ ಮೊಳೆಗೆ ಅವರದೊಂದು ಸ್ಟೀಲಿನ ಕಪ್ಪು ತೂಗುತ್ತಿತ್ತು. ಎದುರಿನ ಅಂಗಡಿಯಿಂದ ಚಹಾ ಬಂದರೆ ನಮಗೆಲ್ಲ ಗಾಜಿನ ಗ್ಲಾಸು, ಅವರು ಮಾತ್ರ ಆ ಕಪ್ಪು ಒಡ್ಡುತ್ತಿದ್ದರು, ಚಹಾದವನು ಮೇಲಿನಿಂದ ಸುರಿಯುತ್ತಿದ್ದ. ಕೈಯ ಗ್ರೀಸು ಗ್ಲಾಸಿಗೆ ಹತ್ತದಿರಲಿ ಎಂದು ಹಾಗೆ ಮಾಡುತ್ತಾರೆಂದು ನಾನು ತಿಳಿದಿದ್ದೆ. ಎರಡು ವರ್ಷ ಹಾಗೇ ತಿಳಿದಿದ್ದೆ! ಕಣ್ಣೆದುರಿನದನ್ನು ಕಾಣದ ನನ್ನಂಥವನಿಗೆ ಓದಿದವನೆಂದು ಹೆಸರು. ಅವರು ಬೌದ್ಧರಾದ ದಲಿತರ ಓಣಿಯವರು. ನಮ್ಮದು ಬಸವಣ್ಣನ ಹೆಸರು ಹೇಳಿಕೊಂಡು ಕಬ್ಬಿನ ಹೊಲ ಆಳುವ ಮನೆತನ.

ಆ ಮನೆಯ ಯಜಮಾನ ನನ್ನ ಕಾಕಾ. ಮಿಸ್ತ್ರಿಯ ಹತ್ತಿರ ಗಾಡಿ ಮಾಡಿಸಿಕೊಂಡು ಬಂದ ಮೊದಲ ದಿನವೇ ಬಾಗಿಲಲ್ಲಿ ತಡೆದಿದ್ದರು. "ಗಾಡಿಗಿ ನೀರ್ ಹಾಕಿ ಒಳಗ ತಗೊಂಡ ಬಾ. ಎಣ್ಣಿ ಜಿಡ್ಡ ಅದ." ಇರಬಹುದು ಎಂದುಕೊಂಡು ಪ್ರತಿ ಸಲ ಒಂದು ಕೊಡ ನೀರು ಸುರಿದು ಒಳಗೆ ತರುತ್ತಿದ್ದೆ. ಆದರೆ ಕಾಕಾನ ಸ್ವಂತ ಗಾಡಿ ಕಲಬುರಗಿಯ ಶೋರೂಮಿನಿಂದ ಅದಕ್ಕಿಂತ ಹೆಚ್ಚು ಎಣ್ಣೆ ಮೆತ್ತಿಕೊಂಡು ಬಂದಾಗ ನೀರಿನ ಮಾತೇ ಬರಲಿಲ್ಲ, ಸೀದಾ ಒಳಗೆ ಬಂತು. ಅವತ್ತು ನನಗೆ ತಿಳಿಯಿತು. ತಿಳಿದೂ ಸುಮ್ಮನಿದ್ದೆ. ಬಾಗಿಲಲ್ಲಿ ನಿಂತು ಕೊಡ ಹೊರುವುದು ನಾಚಿಕೆಯೆನಿಸಿ, ದಾರಿಯಲ್ಲಿದ್ದ ವಾಟರ್ ಸರ್ವಿಸಿನಲ್ಲಿ ಗಾಡಿ ನಿಲ್ಲಿಸಿ ಪೈಪಿನಿಂದ ನೀರು ಹೊಡೆಸಿಕೊಂಡು ಹೋಗತೊಡಗಿದೆ. ಮಿಸ್ತ್ರಿ ಮುಟ್ಟಿದ ಪ್ರತಿ ಸಲವೂ.

ಗ್ರೀಸು ಹಾಕಿದ ಗಾಡಿ ಹದಿನೈದು ದಿನಕ್ಕೆ ಮತ್ತೆ ಕಿರುಗುಟ್ಟುತ್ತಿತ್ತು. ಮಿಸ್ತ್ರಿ ಬಿಚ್ಚಿ ನೋಡಿದರೆ ಸೂಜಿಗಳಿಗೆ ಕೆಂಪು ಜಂಗು.

"ಡಾಕ್ಟ್ರ, ನೀರ್ ಹೊಡಿಸೀರೇನು?"

"ಇಲ್ಲ ಮಿಸ್ತ್ರಿ, ಹೊಳಿದಂಡಿ ಕೆಸರು."

ಅವರು ನಂಬಿದರು. ನನ್ನ ಮಾತನ್ನು ನಂಬಿ ತಮ್ಮ ಕೈಯನ್ನು ಅನುಮಾನಿಸತೊಡಗಿದರು. ಗ್ರೀಸಿನ ಡಬ್ಬಿ ಬದಲಿಸಿದರು. ಸೊಲ್ಲಾಪುರಕ್ಕೆ ಹೋಗಿ ಹೊಸ ಸೀಲು ತಂದು ಹಾಕಿದರು. ಬೆರಳು ತೂತಿನೊಳಗೆ ಹಾಕಿ ಮತ್ತೆ ಮತ್ತೆ ತಿರುಗಿಸಿ ನೋಡುವರು. ಹಿರೋಳ್ಳಿಯಿಂದ, ಆಳಂದದಿಂದ ಗಿರಾಕಿಗಳು ಬಂದು ಕಾಯುತ್ತಿದ್ದರೂ ನನ್ನ ಗಾಡಿಯ ಮುಂದೆಯೇ ಕೂರುವರು. ಒಂದು ದಿನ ಆ ಬೆರಳನ್ನು ಬೆಳಕಿಗೆ ಹಿಡಿದು, ಬೇರೆ ಯಾರದೋ ಬೆರಳನ್ನು ನೋಡುವಂತೆ ನೋಡಿ ಹೇಳಿದರು: "ಮೂವತ್ತ ವರ್ಷ ಆಯ್ತು. ಈಗ ನನ್ನ ಕೈಯಾಗ ಏನೋ ತಪ್ಪಾಗಾಕತ್ತದ. ವಯಸ್ಸಾತೇನೋ, ಗೊತ್ತಾಗವಲ್ದು."

ಅವತ್ತು ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನಿಜ ಹೇಳಿದರೆ ಯಾಕೆ ತೊಳೆಸಿದಿರಿ ಎಂದು ಕೇಳುತ್ತಾರೆ, ಅದಕ್ಕೆ ಏನು ಹೇಳಲಿ? ಅವರ ಮನಸ್ಸಿಗೆ ನೋವಾಗಬಾರದೆಂದು ಸುಮ್ಮನಿದ್ದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎಂಥ ಚಂದದ ಸುಳ್ಳು! ಉಳಿಸಿಕೊಂಡದ್ದು ನನ್ನ ಮುಖವನ್ನು. ಹೀಗೆ ಒಂದು ವರ್ಷ ನಡೆಯಿತು.

ಆಮೇಲೊಂದು ದಿನ ಕಾಕಾನನ್ನು ಹಿಂದೆ ಕೂಡಿಸಿಕೊಂಡು ಸೊನ್ನದ ಹತ್ತಿರದ ಹೊಲಕ್ಕೆ ಹೊರಟಿದ್ದೆ. ಹಿಂದಿನ ದಿನವಷ್ಟೇ ಮಿಸ್ತ್ರಿಯ ಹತ್ತಿರ ಚೈನು ಬಿಗಿ ಮಾಡಿಸಿ, ಮಾಮೂಲಿನಂತೆ ನೀರು ಹೊಡೆಸಿದ್ದೆ. ಬಂಡಿದಾರಿಯ ತಗ್ಗಿಗೆ ಗಾಲಿ ಇಳಿಯಿತು, ಜಂಗು ಹಿಡಿದಿದ್ದ ಕೀಲಿನ ಬೋಲ್ಟು ಕಟಕ್ಕನೆ ಮುರಿಯಿತು, ಗಾಡಿಯ ಬೆನ್ನು ಕುಸಿಯಿತು. ಕಾಕಾ ಕಾಲುವೆಯ ಬದಿಗೆ ಬಿದ್ದು ಮೊಣಕೈ ತರಚಿಕೊಂಡರು. ಟ್ರ್ಯಾಕ್ಟರಿನಲ್ಲಿ ಗಾಡಿ ಹೇರಿಸಿಕೊಂಡು ನೇರ ಶೆಡ್ಡಿಗೇ ಬಂದರು.

"ಲೇ ಮಿಸ್ತ್ರಿ! ಜೀವ ತಗೀತಿದ್ದೆಲ್ಲಲೇ! ಕೆಲಸ ಬರಲಿಲ್ಲಂದ್ರ ಅಂಗಡಿ ಮುಚ್ಚು!" ಮಿಸ್ತ್ರಿ ಕಾಕಾನಿಗಿಂತ ಐದಾರು ವರ್ಷಕ್ಕೆ ಹಿರಿಯರು. ಗಿರಾಕಿಗಳು, ಚಹಾದವನು, ದಾರಿಯಲ್ಲಿ ಹೋಗುವವರು ಎಲ್ಲ ನಿಂತು ನೋಡಿದರು.

ಮಿಸ್ತ್ರಿ ನನ್ನ ಕಡೆ ತಿರುಗಿದರು. "ಡಾಕ್ಟ್ರ, ನೀವೇ ಹೇಳ್ರಿ. ನೀರ್ ಹೊಡಿಸೀರೇನು?"

ಅಷ್ಟು ಜನರ ಎದುರು ನಾನು ಹೇಳಿದೆ: "ಇಲ್ಲ."

ಅವರು ಕೂತು ಕೀಲು ಬಿಚ್ಚಿದರು. ಬಿಳಿ ಬಟ್ಟೆಯ ಮೇಲೆ ಬೋರಲು ಹಾಕಿದರೆ ಕೆಂಪು ನೀರು ಸುರಿಯಿತು, ಅದರ ಜೊತೆ ಒಂದಿಷ್ಟು ನೊರೆ. ಡೊಂಕು ಬೆರಳನ್ನು ಒಳಗೆ ಹಾಕಿ ತೆಗೆದು ಮೂಸಿದರು. ಎದ್ದು ಬಂದು ಆ ಬೆರಳನ್ನು ನನ್ನ ಮೂಗಿನ ಹತ್ತಿರ ಹಿಡಿದರು. ವಾಟರ್ ಸರ್ವಿಸಿನ ನಿಂಬೆ ವಾಸನೆಯ ಶಾಂಪು.

"ಯಾಕ್ರಿ?" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದರು. "ಅಷ್ಟ್ ಹೇಳಿದ್ರೂ ಯಾಕ ಹೊಡಿಸಿದ್ರಿ?"

ಉತ್ತರ ಕಾಕಾ ಕೊಟ್ಟರು. "ಮತ್ತ? ನೀ ಮುಟ್ಟಿದ ಗಾಡಿ ತೊಳಿಲಾರ್ದ ಮನ್ಯಾಗ ತಗೋಬೇಕೇನಲೇ?"

ಮಿಸ್ತ್ರಿ ಮತ್ತೆ ಕುಳಿತರು. ಬಿಚ್ಚಿದ ಕೆಲಸವನ್ನು ಅರ್ಧಕ್ಕೆ ಬಿಡುವ ಚಾಳಿ ಅವರದಲ್ಲ. ಇದ್ದ ಸಾಮಾನಿನಲ್ಲೇ ಬೋಲ್ಟು ಹುಡುಕಿದರು, ಸೂಜಿಗಳನ್ನು ಹೊಸದಾಗಿ ನೆಟ್ಟರು, ಗ್ರೀಸು ತುಂಬಿದರು, ಬಿಗಿದರು, ಸೀಟು ಒತ್ತಿ ಕಿವಿಗೊಟ್ಟು ಕೇಳಿದರು. ಆಮೇಲೆ ಕೈ ಒರೆಸಿಕೊಂಡು ನನಗೆ ಮಾತ್ರ ಹೇಳಿದರು: "ಬರೋಬರಿ ಆಗೇದ. ಇನ್ನ ಮ್ಯಾಲ ಈ ಗಾಡಿ ನಾ ಮುಟ್ಟಂಗಿಲ್ಲ."

ಅವತ್ತು ನಾನು ಗಾಡಿಯನ್ನು ಗ್ರೀಸಿನ ಕಲೆಗಳೊಂದಿಗೇ ಅಂಗಳದೊಳಗೆ ತಂದು ನಿಲ್ಲಿಸಿದೆ. ಕಾಕಾ ಕೂಗಾಡಿದರು, ನಾನೂ ಕೂಗಾಡಿದೆ. ಅವರೊಂದಿಗೆ ನನ್ನ ಮಾತು ಅವತ್ತಿಗೇ ನಿಂತಿದೆ. ಅದನ್ನು ದೊಡ್ಡದಾಗಿ ಹೇಳಿಕೊಳ್ಳಲು ನನಗೆ ಮುಖವಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದವನು ನಾನು.

ಹೋದ ವರ್ಷ ಮಿಸ್ತ್ರಿ ತೀರಿಕೊಂಡರು. ಎದೆನೋವು ಎಂದರು, ದವಾಖಾನೆ ಮುಟ್ಟುವ ಮೊದಲೇ ಹೋಗಿಬಿಟ್ಟರಂತೆ. ಅವರ ಮನೆಗೆ ಮೊದಲ ಸಲ ಹೋದೆ. ಬುದ್ಧನ ಪಟದ ಕೆಳಗೆ ಅವರ ಹೆಂಡತಿ ಕೂತಿದ್ದರು. ಅವರ ಕಾಲು ಮುಟ್ಟಿ, ಆ ಗಾಡಿಯವನು ನಾನೇ ಎಂದೆ, ತಪ್ಪಾಯಿತು ಎಂದೆ. ಬಯ್ಯುತ್ತಾರೆ, ಬಯ್ಯಲಿ ಎಂದು ತಲೆ ತಗ್ಗಿಸಿಕೊಂಡಿದ್ದೆ.

"ನೀವೇನು ಆ ಡಾಕ್ಟ್ರು?" ಎಂದರು ಆ ತಾಯಿ. "ಅವತ್ತ ಮನಿಗಿ ಬಂದವ್ರೇ 'ನನ್ನ ಕೈ ಕೆಟ್ಟಿಲ್ಲ ಬೇ, ನೀರ್ ಹೊಡಿಸ್ಯಾರ' ಅಂದ್ರು. ನಕ್ಕರು. ಎರಡ ರೊಟ್ಟಿ ಜಾಸ್ತಿ ಉಂಡ್ರು. ಒಂದ ವರ್ಷದ ಮ್ಯಾಲ ಅವತ್ತ ಕಣ್ತುಂಬ ನಿದ್ದಿ ಮಾಡಿದ್ರು ನೋಡ್ರಿ."

ಈಗ ಮಳೆಗಾಲ ಮುಗಿದ ಮೇಲೆ ಆ ಮೊಣಕಾಲನ್ನು ನಾನೇ ಬಿಚ್ಚುತ್ತೇನೆ. ಸೂಜಿ ತೊಳೆದು ಬಿಳಿ ಬಟ್ಟೆಯ ಮೇಲಿಡುತ್ತೇನೆ. ನನ್ನ ನೆಟ್ಟಗಿನ ಬೆರಳು ಒಳಗಿನ ಮೂಲೆಗೆ ಮುಟ್ಟುವುದಿಲ್ಲ, ಅರ್ಧ ಗ್ರೀಸು ಹೊರಗೇ ಉಳಿಯುತ್ತದೆ. ಆಗ ಆ ತಾಯಿಯ ಮಾತು ನೆನಪಾಗಿ ಸಿಟ್ಟು ಉಕ್ಕುತ್ತದೆ, ಕಾಕಾನ ಮೇಲಲ್ಲ. ನಾಲ್ಕು ಜನರ ಎದುರು ಅಂಥ ಹೊಲಸು ಮಾತು ಕೇಳಿಸಿಕೊಂಡ ಮನುಷ್ಯ ಅದೇ ದಿನ ಮನೆಗೆ ಹೋಗಿ ನಕ್ಕು, ಹೊಟ್ಟೆ ತುಂಬ ಉಂಡು, ನಿದ್ದೆ ಮಾಡಿದರೆಂದರೆ, ಅದಕ್ಕೆ ಮೊದಲಿನ ಒಂದು ವರ್ಷ ನಾನು ಅವರಿಗೆ ಏನು ಉಣಿಸಿದ್ದೆ?