ಅಜ್ಜಿ ಕೇಳಿಸಿಕೊಂಡ ಐರ್ಲೆಂಡಿನ ಕಾಗದ

ನಮ್ಮ ಕಡೆ ತೆಂಗಿನಕಾಯಿಗೆ ಅವಸರವಿಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದಾಗ ಲೊಡಲೊಡ ಅನ್ನಲು ವರ್ಷವೇ ಬೇಕು. ಆಮೇಲೆ ಇಳಿಸಿ, ಸುಲಿದು, ತಿಪಟೂರಿಗೆ ಗಾಡಿ ಕಟ್ಟುವುದು. ನಮ್ಮ ಮನೆಯಲ್ಲಿ ಮಾತ್ರ ಪ್ರತಿ ಸಲವೂ ಅಟ್ಟದ ಮೂಲೆಯಲ್ಲಿ ಒಂದಿಷ್ಟು ಕಾಯಿ ಉಳಿಯುತ್ತಿತ್ತು. ಅಪ್ಪ ಗೊಣಗಿದರೆ ಅಜ್ಜಿ, "ಸುಲಿಯೋದು ಇನ್ನೂ ಮುಗ್ದಿಲ್ಲ, ಬುಡು" ಅನ್ನುತ್ತಿದ್ದಳು.

ಅಜ್ಜಿಯ ಹಿರಿಮಗ, ನನ್ನ ದೊಡ್ಡಪ್ಪ, ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಿದ್ದ. ಹೊರಡುವಾಗ, "ಅಟ್ಟದ ಕಾಯಿ ಸುಲಿದು ಮುಗಿಯೋದ್ರೊಳಗೆ ಬತ್ತೀನಿ ಕಣವ್ವ" ಅಂದಿದ್ದನಂತೆ. ಬರಲಿಲ್ಲ. ಸತ್ತ ಸುದ್ದಿಯೂ ಬರಲಿಲ್ಲ. ಸುಲಿಯುವುದು ಮುಗಿಯದಿದ್ದರೆ ಮಗ ತಡಮಾಡಿದ ಹಾಗಾಗುವುದಿಲ್ಲ. ಅಜ್ಜಿಯ ಲೆಕ್ಕ ಇಷ್ಟೇ.

ಎಪ್ಪತ್ತರ ದಶಕದಲ್ಲಿ ನಾನು ದಂಡಿನಶಿವರದ ಕಡೆಯಿಂದ ತಿಪಟೂರಿನ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಇತಿಹಾಸದ ಮೇಷ್ಟ್ರು ಒಂದು ಹಳೆಯ ಸರ್ಕಾರಿ ಪತ್ರದ ಸಾರವನ್ನು ಕನ್ನಡದಲ್ಲಿ ಬರೆಸಿದ್ದರು. ಮೊದಲ ಮಹಾಯುದ್ಧದಲ್ಲಿ, ಆಗ ಬ್ರಿಟಿಷರ ಕೈಕೆಳಗಿದ್ದ ಐರ್ಲೆಂಡಿನ ಗಂಡಸರನ್ನು ಬಲವಂತವಾಗಿ ಸೈನ್ಯಕ್ಕೆ ಎಳೆದರೆ ಊರೂರೇ ತಿರುಗಿಬೀಳುತ್ತದೆ ಎಂದು ಅಧಿಕಾರಿಯೊಬ್ಬ ಮೇಲಿನವರನ್ನು ಎಚ್ಚರಿಸಿದ ಪತ್ರ. ಐರ್ಲೆಂಡ್ ಯಾವ ದಿಕ್ಕಿಗಿದೆಯೋ ನನಗೇ ಗೊತ್ತಿರಲಿಲ್ಲ. ಪರೀಕ್ಷೆಯ ಭಯಕ್ಕೆ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಉರು ಹೊಡೆಯುತ್ತಿದ್ದೆ.

ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿಯ ಕೈ ನಿಂತಿತು. ಯುದ್ಧ, ಸರ್ಕಾರದ ಕಾಗದ, ಅಷ್ಟೇ ಅವಳ ಕಿವಿಗೆ ಬಿದ್ದದ್ದು.

"ನಮ್ ಹುಡ್ಗನ ಸುದ್ದಿ ಐತೇನೇ ಅದ್ರಾಗೆ?"

"ಇಲ್ಲಜ್ಜಿ, ಇದು ಬೇರೆ ದೇಶದ್ದು. ನಮ್ ಮಕ್ಳನ್ನ ಕಳ್ಸಲ್ಲ ಅಂತ ಅಲ್ಲಿ ಜನ ಹಟ ಹಿಡಿದ್ರಂತೆ."

"ಹೆಂಗಸ್ರೂವೆ?"

"ಹೂಂ, ಹೆಂಗಸ್ರೂವೆ. ಆಮೇಲೆ ಸರ್ಕಾರ ಎಳ್ಕೊಂಡು ಹೋಗೋ ಯೋಚ್ನೆ ಬುಟ್ಬುಡ್ತು."

ಅಜ್ಜಿ ಕೈಯಲ್ಲಿದ್ದ ಅವರೆಕಾಯನ್ನು ಮೊರಕ್ಕೆ ಹಾಕಿದಳು. ಆಮೇಲೆ ಅಂದಳು: "ನಮ್ಮವನ್ನ ಯಾರೂ ಎಳ್ಕೊಂಡೋಗ್ಲಿಲ್ಲ. ತಾನಾಗೇ ಹೊಂಟ. ಕೊಬ್ರಿ ಬೆಲ್ಲ ಕಟ್ಕೊಟ್ಟೆ. ಹೊರಡೋರಿಗೆ ಅಡ್ಡಮಾತು ಆಡ್ಬಾರ್ದು ಅಂತ ನಮ್ಗೆ ಕಲ್ಸಿದ್ರು. ಬ್ಯಾಡ ಅನ್ಬೌದು ಅಂತ ನಂಗೆ ಹೊಳೀಲೇ ಇಲ್ಲ ಕಣೇ."

ನಾನು ಪುಸ್ತಕ ಮುಚ್ಚಿದೆ. ಅಜ್ಜಿ ಮತ್ತೆ ಅವರೆಕಾಯಿಗೆ ಕೈಹಾಕಿದಳು.

ಮರುದಿನ ಬೆಳಿಗ್ಗೆ, "ಬತ್ತೀನಿ ಕಣಜ್ಜಿ" ಅಂದು ಮೆಟ್ಟಿಲು ಇಳಿದೆ. ಹೊರಟವರನ್ನು ಎಲ್ಲಿಗೆ ಅಂತ ಕೂಡ ಕೇಳದವಳು ಬಂದು ನನ್ನ ಸೆರಗು ಹಿಡಿದುಕೊಂಡಳು.

"ಇವತ್ತು ಬ್ಯಾಡ ಕಣೇ."

ಹೊರಡುವ ಹೊತ್ತಿಗೆ ಎಂಥ ಅಪಶಕುನ ಎಂದು ಅವ್ವ ಒಳಗಿನಿಂದಲೇ ರೇಗಿದಳು. ಬಸ್ಸು ಹಾರ್ನ್ ಹೊಡೆದು ಹೊಡೆದು ಹೋಯಿತು. ನಾನು ಹೋಗಲಿಲ್ಲ. ಇಡೀ ದಿನ ಅಜ್ಜಿಯ ಪಕ್ಕದಲ್ಲೇ ಕೂತಿದ್ದೆ. ಅವಳು ಸೆರಗು ಬಿಡಲಿಲ್ಲ.

ಅಜ್ಜಿ ಹೋಗಿ ಎಷ್ಟೋ ಕಾಲವಾಯಿತು. ಈಗಲೂ ಎಲ್ಲಿಗಾದರೂ ಹೊರಡುವಾಗ ಬಾಗಿಲಲ್ಲಿ ಸುಮ್ಮನೆ ಒಂದು ಗಳಿಗೆ ನಿಲ್ಲುತ್ತೇನೆ. ಎಲ್ಲರೂ ನಗುತ್ತಾ, ಹೋಗಿ ಬಾ ಅನ್ನುತ್ತಾರೆ. ಬೇಡ ಅನ್ನುವವರು ಯಾರೂ ಇಲ್ಲ.