ಗಂಟೆಯಕ್ಕ ಹೇಳದೆ ಬಂದ ಮಾತು

ಗಂಟೆಯಕ್ಕನ ನಾದಿನಿಯ ಸುಟ್ಟ ಬಲಗೈಗೆ ಬರಬೇಕಾದ ಪರಿಹಾರ ಇನ್ನೂ ಬಾಕಿ ಇದೆ. ಜೊತೆಗೆ ಏಳು ತಿಂಗಳ ಕೂಲಿ. ಕಂಪನಿ ಬಿಡಿಗಾಸೂ ಬಿಚ್ಚಿಲ್ಲ. ತಪ್ಪು ತನ್ನ ನಾಲಿಗೆಯದು ಎಂದು ಗಂಟೆಯಕ್ಕ ನಂಬಿಕೊಂಡಿದ್ದಾಳೆ. ಯಾರು ಏನು ಹೇಳಿದರೂ ಆ ನಂಬಿಕೆ ಅಲ್ಲಾಡುವುದಿಲ್ಲ.

ಗಂಟೆಯಕ್ಕ ಎಂಬ ಹೆಸರು ಲಾಂಡ್ರಿಯವರು ಇಟ್ಟದ್ದು. ಆಸ್ಪತ್ರೆಗಳ ಹಾಸುಬಟ್ಟೆ ಒಗೆದು ಇಸ್ತ್ರಿ ಮಾಡುವ ದೊಡ್ಡ ಶೆಡ್ಡು ಅದು. ಯಂತ್ರಗಳ ಗದ್ದಲದಲ್ಲಿ ಪಕ್ಕದವಳು ಸತ್ತೆನೆಂದರೂ ಕೇಳಿಸದು. ಇಸ್ತ್ರಿ ಯಂತ್ರದ ಕಾದ ಉರುಳೆಗೆ ಇಬ್ಬರು ಎರಡು ತುದಿ ಹಿಡಿದು ಬಟ್ಟೆ ಕೊಡುತ್ತಾರೆ, ಮೂರನೆಯವಳು ಪೆಡಲ್ ತುಳಿಯುತ್ತಾಳೆ. ತುಳಿಯುವ ಮೊದಲು ಅವಳು "ಕೈ" ಎಂದು ಕೂಗಬೇಕು. ಇಬ್ಬರೂ "ಬಿಟ್ಟೆ" ಎಂದ ಮೇಲೆಯೇ ಉರುಳೆ ತಿರುಗಬೇಕು. ಹದಿನಾಲ್ಕು ವರ್ಷ ಆ ಕೂಗು ಗಂಟೆಯಕ್ಕನದೇ. ಅವಳು ಕೂಗಿದರೆ ಗೇಟಿನ ಕಾವಲುಗಾರನೂ ಜೇಬಿನಿಂದ ಕೈ ತೆಗೀತಾನೆ ಎಂದು ನಗುತ್ತಿದ್ದರು. ಅಷ್ಟೂ ವರ್ಷ ಒಬ್ಬರ ಬೆರಳೂ ಸುಟ್ಟಿರಲಿಲ್ಲ.

ಹೊಸ ಮ್ಯಾನೇಜರಿಗೆ ಅದು ಹಿಡಿಸಲಿಲ್ಲ. "ಇದೇನು ಸಂತೆನಾ?" ಎಂದ. ಪೆಡಲಿನ ಮುಂದೆ ಕೆಂಪು ಬಲ್ಬು ಹಾಕಿಸಿದ. ಬಟ್ಟೆ ಕೊಡುವವರ ಕೈ ಒಳಗಿರುವಷ್ಟು ಹೊತ್ತು ಬಲ್ಬು ಉರಿಯುತ್ತದೆ, ಆರಿದಾಗ ತುಳಿಯಿರಿ. ಇನ್ನು ಕೂಗಿದವರಿಗೆ ಅರ್ಧ ದಿನದ ಕೂಲಿ ಖೋತಾ. ಎರಡು ಸಲ ಖೋತಾ ಆದ ಮೇಲೆ ಗಂಟೆಯಕ್ಕ ಬಾಯಿ ಮುಚ್ಚಿದಳು. ಮಗಳ ಶಾಲೆ ಫೀಸು ಕಟ್ಟುವವಳು ಎಷ್ಟು ಸಲ ಕೂಗಿಯಾಳು?

ಆಮೇಲೆ ಬಲ್ಬು ಸುಟ್ಟುಹೋಯಿತು. ಸೂಪರ್‌ವೈಸರಿಗೆ ದಿನಾ ಹೇಳಿದರು. "ನಾಳೆ" ಎಂದ. ಒಂಬತ್ತು ನಾಳೆಗಳು ಕಳೆದವು. ಮುಖ ನೋಡಿ, ತಲೆಯಾಡಿಸಿ ಕೆಲಸ ಸಾಗಿಸಿದರು. ಹತ್ತನೆಯ ದಿನ ಒಂದು ತುದಿ ಹಿಡಿದಿದ್ದ ನಾದಿನಿ ಬಟ್ಟೆಯ ಮಡಿಕೆ ಬಿಡಿಸಲು ಬಗ್ಗಿದಳು. ಅಗಲದ ಬಟ್ಟೆ ಅವಳ ಮುಖಕ್ಕೆ ಮರೆಯಾಯಿತು. ಬಗ್ಗಿದ್ದನ್ನೇ ತಲೆಯಾಡಿಸಿದಳು ಎಂದುಕೊಂಡ ಗಂಟೆಯಕ್ಕ ಪೆಡಲ್ ತುಳಿದಳು. ನಾದಿನಿಯ ಬಲಗೈ ಉರುಳೆಗೆ ಸಿಕ್ಕಿತು. ಕೂಗು ಗಂಟಲಿಗೆ ಬಂದಿತ್ತು. ನುಂಗಿಕೊಂಡಿದ್ದಳು.

ಪರಿಹಾರದ ಅರ್ಜಿ ಕಾರ್ಮಿಕ ಕಚೇರಿಗೆ ಹೋಯಿತು. ಕೂಗು ನಿಲ್ಲಿಸಿದ್ದು, ಬಲ್ಬು ಕೆಟ್ಟದ್ದು, ಎರಡಕ್ಕೂ ಸಾಕ್ಷಿ ಗಂಟೆಯಕ್ಕ. ಉಳಿದವರಿಗೆ ಕೆಲಸದ ಭಯ. ನಮ್ಮ ಕಾರ್ಮಿಕ ಸಂಘದ ಕಾರ್ಯದರ್ಶಿ ಬುದ್ಧಿ ಹೇಳಿದ: "ಅಲ್ಲಿ ಬರೆಯೋದೆಲ್ಲ ಇಂಗ್ಲಿಷಲ್ಲಿ ಅಕ್ಕ. ನೀವೂ ನಾಲ್ಕು ಮಾತು ಇಂಗ್ಲಿಷಲ್ಲಿ ಆಡಿದ್ರೆ ತೂಕ ಬರುತ್ತೆ." ಬೀದಿಯಲ್ಲಿ ನಮ್ಮ ಭಾಷೆಯಲ್ಲೇ ಘೋಷಣೆ ಕೂಗಿ ಗಂಟಲು ಹರಿದುಕೊಂಡವರು ನಾವು. ಯಾರೂ ಬೇಡ ಅನ್ನಲಿಲ್ಲ.

ಮಗಳ ನೋಟ್‌ಬುಕ್ಕಿನಲ್ಲಿ ಒಂದು ಪುಟ ಸಿಕ್ಕಿತು: ಅಭಿಪ್ರಾಯ ಹೇಳಲು ಬಳಸುವ ಇಂಗ್ಲಿಷ್ ಪದಗಳು, ಸಾಲುಗಳು.

"ಸ್ಟೇಟ್ ಅಂದ್ರೆ?"

"ಹೇಳೋದು ಅಮ್ಮ."

"ಎಕ್ಸ್‌ಪ್ರೆಸ್?"

"ಅದೂ ಹೇಳೋದೇ. ಮನಸ್ಸಲ್ಲಿರೋದನ್ನ."

"ಕ್ಲಾರಿಫೈ?"

"ಬಿಡಿಸಿ ಹೇಳೋದು. ಎಂಫಸೈಸ್ ಅಂದ್ರೆ ಒತ್ತಿ ಹೇಳೋದು."

"ಹೇಳೋಕೆ ಇಷ್ಟೊಂದು ಇದಾವಲ್ಲೇ. ಕೇಳಿಸ್ಕೊಳ್ಳೋಕೆ ಎಷ್ಟಿದಾವೆ?"

"ಆ ಪಾಠ ಇನ್ನೂ ಆಗಿಲ್ಲ."

ಕೈಗೆ ಬಟ್ಟೆ ಸುತ್ತಿಕೊಂಡು ಮೂಲೆಯಲ್ಲಿ ಕೂತಿದ್ದ ನಾದಿನಿ ನಕ್ಕಳು. "ಅತ್ತಿಗೆ, ಆ ಬಲ್ಬಿನ ವಿಷಯ ಮರೀಬೇಡಿ."

"ಅದನ್ನ ಮರೀತೀನೇನೆ? ನಾಲಿಗೆ ತುದೀಲೇ ಇದೆ."

ಎರಡು ವಾರ ಪಾತ್ರೆ ತಿಕ್ಕುತ್ತಾ, ಬಸ್ಸಿನಲ್ಲಿ ನಿಂತು, ಆ ಸಾಲುಗಳನ್ನು ಉರು ಹೊಡೆದಳು. ಬಲ್ಬಿನ ಮಾತು ಹೇಗೂ ಗೊತ್ತಿದ್ದದ್ದೇ ಎಂದು ಅದನ್ನು ಅಭ್ಯಾಸ ಮಾಡಲಿಲ್ಲ. ಸಿಂಗಾರ ಮುಗಿಯುವಷ್ಟರಲ್ಲಿ ಮೆರವಣಿಗೆ ಹೋಗಿತ್ತು ಅನ್ನುತ್ತಾರಲ್ಲ, ಹಾಗಾಯಿತು.

ವಿಚಾರಣೆಯ ದಿನ ಮ್ಯಾನೇಜರ್ ಇಂಗ್ಲಿಷಿನಲ್ಲಿ ಹತ್ತು ನಿಮಿಷ ಮಾತಾಡಿದ. ಅಧಿಕಾರಿ ಬರೆದುಕೊಂಡ. ಬಳಿಕ ಇವಳ ಕಡೆ ನೋಡಿ, "ಯೆಸ್?" ಎಂದ.

ಗಂಟೆಯಕ್ಕ ಎದ್ದಳು. "ಸರ್, ಐ ವುಡ್ ಲೈಕ್ ಟು ಸ್ಟೇಟ್." ಅಧಿಕಾರಿಯ ಹುಬ್ಬು ಮೇಲೇರಿತು. "ಐ ವಿಶ್ ಟು ಕ್ಲಾರಿಫೈ. ಐ ವಾಂಟ್ ಟು ಎಂಫಸೈಸ್."

"ಗುಡ್. ಗೋ ಆನ್."

ಮುಂದಕ್ಕೆ ಇಂಗ್ಲಿಷ್ ಇರಲಿಲ್ಲ. ಇಷ್ಟು ಚೆಂದ ಶುರು ಮಾಡಿ ಈಗ ಮನೆಮಾತಿಗೆ ಇಳಿದರೆ ಮ್ಯಾನೇಜರ್ ನಗುತ್ತಾನೆ ಅನ್ನಿಸಿತು. ಗೋಡೆ ಗಡಿಯಾರದ ಮುಳ್ಳಿನ ಸದ್ದು ಕೇಳಿಸುತ್ತಿತ್ತು. ಶೆಡ್ಡಿನಲ್ಲಿ ನಲವತ್ತು ಜನಕ್ಕೆ ಮುಟ್ಟುತ್ತಿದ್ದ ದನಿ ಮೇಜಿನಾಚೆ ದಾಟಲಿಲ್ಲ.

"ಎನಿಥಿಂಗ್ ಎಲ್ಸ್?"

"ಥ್ಯಾಂಕ್ಯೂ ಸರ್," ಎಂದಳು. ಅದೂ ಕಲಿತದ್ದೇ.

ಬಾಗಿಲು ದಾಟುವಾಗ ಬೆನ್ನ ಹಿಂದಿನಿಂದ ಅಧಿಕಾರಿ ಜವಾನನಿಗೆ ಹೇಳಿದ್ದು ಕೇಳಿಸಿತು: "ಏನಪ್ಪಾ, ಇನ್ನೂ ಎಷ್ಟು ಜನ ಇದಾರೋ ಹೊರಗೆ? ತಲೆ ಸಿಡೀತಿದೆ, ಒಂದು ಲೋಟ ಚಾ ತಂದ್ಕೊಡು ಮಾರಾಯ." ಅವಳ ಭಾಷೆಯೇ. ಅವಳಿಗಿಂತ ಸಲೀಸು. ಹೊಸ್ತಿಲಲ್ಲೇ ನಿಂತಳು. ಅಷ್ಟರಲ್ಲಿ ಮುಂದಿನವರನ್ನು ಕರೆದಾಗಿತ್ತು.

ಪೆಡಲ್ ತುಳಿದವಳು ನಿರ್ದಿಷ್ಟ ಹೇಳಿಕೆ ಕೊಟ್ಟಿಲ್ಲ, ಅವಘಡ ಕೆಲಸಗಾರರ ಅಜಾಗರೂಕತೆಯಿಂದಾದದ್ದು ಎಂದು ಆದೇಶ ಬಂತು. ಅರ್ಜಿ ವಜಾ.

ಈಗ ದಿನಾ ಬೆಳಿಗ್ಗೆ ಗಂಟೆಯಕ್ಕ ನಾದಿನಿಗೆ ಜಡೆ ಹೆಣೆದು ಕೆಲಸಕ್ಕೆ ಹೋಗುತ್ತಾಳೆ. ಒಂದು ದಿನ ನಾದಿನಿ ಕನ್ನಡಿ ನೋಡುತ್ತಲೇ ಅಂದಳು: "ನೀವು ಅಲ್ಲಿ ನಿಮ್ಮ ಬಾಯಲ್ಲಿ ಅವರಿಗೆ ನಾಲ್ಕು ಬೈದು ಬಂದಿದ್ರೂ ಸಾಕಿತ್ತು ಅತ್ತಿಗೆ." ಗಂಟೆಯಕ್ಕ ಬಾಚಣಿಗೆಯಿಂದ ಕೂದಲು ಬಿಡಿಸುತ್ತಾ ನಿಂತಳು. ಅಂದು ಶೆಡ್ಡಿಗೆ ಹೋದವಳು ಪೆಡಲ್ ತುಳಿಯುವ ಮೊದಲು "ಕೈ" ಎಂದು ಕೂಗಿದಳು. ಅರ್ಧ ದಿನದ ಕೂಲಿ ಹೋಯಿತು. ಮರುದಿನವೂ ಕೂಗಿದಳು.

ಮೇಲ್ಮನವಿ ಹಾಕಿದ್ದೇವೆ. ಅದು ಯಾವ ಮೇಜಿಗೆ ಬರುತ್ತದೋ ನಮಗೆ ಗೊತ್ತಿಲ್ಲ. ಇದನ್ನು ಓದುತ್ತಿರುವ ನಿಮ್ಮ ಮೇಜಿಗೇ ಬರಬಹುದು. ಬಂದರೆ ಅವಳನ್ನು ಮತ್ತೆ ಕರೆಸಿ. ಕೂರಲು ಕುರ್ಚಿ ಕೊಡಿ. ಚಾ ತರಿಸಿಕೊಳ್ಳುವ ಭಾಷೆಯಲ್ಲೇ ಒಂದು ಪ್ರಶ್ನೆ ಕೇಳಿ: "ಆ ಬಲ್ಬು ಎಷ್ಟು ದಿನದಿಂದ ಕೆಟ್ಟಿತ್ತಮ್ಮ?" ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಿ.