ಒಳ್ಳೆಯದನ್ನು ನಂಬದ ರೇಣುಕಾ ಮೇಡಂ

ಒಳ್ಳೆಯ ಸುದ್ದಿ ಬಂದರೆ ರೇಣುಕಾ ಮೇಡಂ ಹುಬ್ಬು ಗಂಟಿಕ್ಕುತ್ತಿದ್ದರು. ಕೆಟ್ಟದ್ದನ್ನು ಸುಲಭವಾಗಿ ಒಪ್ಪಿಕೊಳ್ಳುವರು. ಒಳ್ಳೆಯದಾದರೆ ಎಲ್ಲಿಂದ ಬಂತು, ಯಾಕೆ ಬಂತು ಎಂದು ವಿಚಾರಣೆ ಶುರು. ಕ್ಯಾಂಟೀನಿನವರು ಒಂದು ಗೋಳಿಬಜೆ ಹೆಚ್ಚು ಹಾಕಿದರೆ ಅದನ್ನು ಮುರಿದು ನೋಡಿ, "ನಿನ್ನೀದ ಇರಬೇಕು" ಎನ್ನುವರು.

ಮಕ್ಕಳೇ, ನಿಮ್ಮ ಅಜ್ಜ ತೀರಿಹೋದ ಮೇಲೆ ನಾನು ಪೆರ್ಡೂರಿನಿಂದ ಬಸ್ಸಿನಲ್ಲಿ ಮಣಿಪಾಲಕ್ಕೆ ಹೋಗಿ ಒಂದು ಲ್ಯಾಬಿನಲ್ಲಿ ಗಾಜಿನ ಪಾತ್ರೆ ತೊಳೆಯುವ ಕೆಲಸ ಹಿಡಿದೆ. ಓದಿದ್ದು ಊರಿನ ಶಾಲೆಯಲ್ಲಿ ಏಳನೇ ಕ್ಲಾಸು. ಅಷ್ಟು ಕಲಿತವರ ನಡುವೆ ಬಾಯಿ ತೆರೆಯಲು ನನಗೆ ಹೆದರಿಕೆ. ಮೇಡಂ ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದರು. ಅವರ ಅಪ್ಪ ಗದಗದ ಕಡೆಯಿಂದ ಬಂದು ಇದೇ ಮಣಿಪಾಲದ ಹಾಸ್ಟೆಲುಗಳ ಗೋಡೆಗೆ ಬಣ್ಣ ಬಳಿದವರು.

ನೀವು ಮಾಡುವುದು ಎಂತ ಎಂದು ಕೇಳಲು ನನಗೆ ಒಂದು ವರ್ಷ ಬೇಕಾಯಿತು. ಅವರು ಕುರ್ಚಿ ಎಳೆದು ಕೂರಿಸಿ ಹೇಳಿದರು.

"ಗಾಳ್ಯಾಗಿನ ಆಮ್ಲಜನಕ ಭಾಳ ಸೋಮಾರಿ ಅಮ್ಮಾರ. ಎಬ್ಬಿಸಿ ಕೆಲಸಕ್ಕ ಹಚ್ಚಿದ್ರ ಕರೆಂಟ್ ಸಿಗತೈತಿ. ಎಬ್ಬಸಾಕ ಪ್ಲಾಟಿನಂ ಛಲೋ, ಆದ್ರ ತುಟ್ಟಿ. ನಮ್ಮಪ್ಪ ಬಳಿಯೋ ಬಿಳಿ ಬಣ್ಣದಾಗ ಟೈಟಾನಿಯಂ ಆಕ್ಸೈಡ್ ಇರತೈತಿ. ಅದರ ಕೈಲೆ ಎಬ್ಬಸಾಕ ಆಕ್ಕೈತೇನು ನೋಡಾಕತ್ತೀನಿ."

ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ಆ ಪುಡಿಯನ್ನು ಕರಿಯ ಕಾರ್ಬನ್ನಿನ ಜೊತೆ ಕಲಸಿ, ಒಂದು ಕಡ್ಡಿಯ ತುದಿಗೆ ಬೊಟ್ಟಿನಷ್ಟು ಹಚ್ಚುವರು. ಕಡ್ಡಿಯನ್ನು ಆಮ್ಲದಲ್ಲಿ ಮುಳುಗಿಸಿ ತಿರುಗಿಸುವರು. ಕರೆಂಟಿನ ದಾರಿ ಪೂರ್ತಿಯಾಗಲು ಅದರ ಎದುರಿಗೆ ಒಂದು ಪ್ಲಾಟಿನಂ ತಂತಿ. ಪುಡಿ ಎಷ್ಟು ಕೆಲಸ ಮಾಡಿತು ಎಂಬುದು ಕಂಪ್ಯೂಟರಿನಲ್ಲಿ ಗೆರೆಯಾಗಿ ಕಾಣುತ್ತಿತ್ತು. ಮೂರು ವರ್ಷ ಆ ಗೆರೆ ಏಳಲಿಲ್ಲ.

ಅದೇ ಲ್ಯಾಬಿನಲ್ಲಿ ಬೇರೆಯವರು ಪ್ಲಾಟಿನಂ ಪುಡಿಯ ಕೆಲಸವನ್ನೂ ಮಾಡುತ್ತಿದ್ದರು. ಅವರ ಪಾತ್ರೆಗೆ ಒಂದು ಬ್ರಷ್, ಮೇಡಂ ಪಾತ್ರೆಗೆ ಇನ್ನೊಂದು ಎಂಬುದು ಕಟ್ಟುನಿಟ್ಟು. ನಲ್ಲಿಯ ಮೇಲೆ ಎರಡು ಮೊಳೆ, ಒಂದೊಂದಕ್ಕೆ ಒಂದೊಂದು ಬ್ರಷ್. ಒಂದರ ಕೂದಲು ಉದುರಿ ಹೋದಾಗ ಬಿಸಾಡಿದೆ. ಹೊಸದು ಕೊಡಿ ಎಂದು ಕೇಳಲು ನಾಚಿಕೆ. ಎರಡು ವಾರ ಒಂದೇ ಬ್ರಷ್ಷಿನಲ್ಲಿ ಎಲ್ಲವನ್ನೂ ತೊಳೆದೆ.

ಆಗಲೇ, ಮೇಡಂ ಮೊದಲ ಸಲ ಕಡ್ಡಿಯನ್ನು ಎರಡು ದಿನ ಬಿಡದೆ ತಿರುಗಿಸಿದಾಗ, ಗೆರೆ ಎದ್ದಿತು. ಹೆಚ್ಚುಕಡಿಮೆ ಪ್ಲಾಟಿನಂನಷ್ಟೇ. ಲ್ಯಾಬಿನ ಮುಖ್ಯಸ್ಥರಾದ ಸರ್ ಎಲ್ಲರಿಗೂ ಗೋಳಿಬಜೆ ತರಿಸಿದರು. ಮೇಡಂ ಮುಟ್ಟಲಿಲ್ಲ.

"ಎರಡ ದಿನದಿಂದ ದುಡಿಯಾಕತ್ತೈತಿ, ದುಡದಂಗ ದುಡದಂಗ ಬಲ ಬರಾಕತ್ತೈತಿ," ಎಂದರು. "ದಿನವೆಲ್ಲ ಹೊಲ ಹೂಡಿದ ಎತ್ತು ಸಂಜೀಕ ಮತ್ತಿಷ್ಟು ದಪ್ಪ ಆತಂದ್ರ, ಯಾರೋ ಕದ್ದು ಹಿಂಡಿ ತಿನಸಾಕತ್ತಾರ."

ಎಲ್ಲಿಂದಲೋ ಪ್ಲಾಟಿನಂ ಸೇರುತ್ತಿದೆ ಎಂಬ ಸಂಶಯ ಅವರದು. ನೇರ ನನ್ನ ಬಳಿ ಬಂದು, ಬ್ರಷ್ ಬೇರೆ ಬೇರೆಯೇ ತಾನೆ ಎಂದು ಕೇಳಿದರು.

"ಹೌದು ಮೇಡಂ, ಬೇರೆ ಬೇರೆಯೇ," ಎಂದೆ.

ನಲ್ಲಿಯ ಮೇಲಿನ ಮೊಳೆಗಳ ಕಡೆ ಕಣ್ಣು ಹಾಯಿಸಿ ಹೋದರು. ಆ ಸಂಜೆ ಹಿರಿಯಡ್ಕದಲ್ಲಿ ಬಸ್ಸಿಳಿದು ಒಂದು ನೀಲಿ ಬ್ರಷ್ ಕೊಂಡೆ. ನನ್ನದು ಗುತ್ತಿಗೆ ಕೆಲಸ. ನನ್ನಿಂದಾಗಿ ಅವರ ಇಷ್ಟು ವರ್ಷ ಮಣ್ಣುಪಾಲಾಯಿತು ಎಂದಾದರೆ ನಾನು ಯಾವ ಮುಖ ಹೊತ್ತು ಅಲ್ಲಿ ಇರುವುದು?

ಮುಂದಿನ ದಿನಗಳಲ್ಲಿ ಮೇಡಂ ಆಮ್ಲವನ್ನು ಸಂಶಯಪಟ್ಟರು, ನೀರನ್ನು ಸಂಶಯಪಟ್ಟರು, ತಮ್ಮ ಪುಡಿಯನ್ನೇ ಸಂಶಯಪಟ್ಟರು. ಅವರು ತಲೆ ಎತ್ತಿದಾಗಲೆಲ್ಲ ನನ್ನ ಸರದಿ ಬಂತೆಂದು ನಾನು ನಲ್ಲಿಯ ಕಡೆ ತಿರುಗುತ್ತಿದ್ದೆ. ಕೊನೆಗೊಂದು ದಿನ ಆ ಪ್ಲಾಟಿನಂ ತಂತಿಯನ್ನೇ ತೆಗೆದು, ಪೆನ್ಸಿಲಿನ ಸೀಸದಂಥ ಗ್ರಾಫೈಟ್ ಕಡ್ಡಿ ಇಟ್ಟರು. ಹೊಸದಾಗಿ ಹಚ್ಚಿದ ಪುಡಿಯ ಗೆರೆ ಜ್ವರ ಬಂದವರಂತೆ ಮಲಗಿಬಿಟ್ಟಿತು. ತಂತಿಯೇ ಆಮ್ಲದಲ್ಲಿ ಚೂರುಚೂರು ಕರಗಿ, ಎದುರಿನ ಪುಡಿಯ ಮೇಲೆ ಹೋಗಿ ಕೂರುತ್ತಿತ್ತಂತೆ.

ಅಚ್ಚಿಗೆ ಕಳಿಸಲು ಬರೆದಿಟ್ಟ ಲೇಖನ ಅಲ್ಲೇ ಉಳಿಯಿತು. ಅಷ್ಟು ಒಳ್ಳೆಯ ರಿಸಲ್ಟನ್ನು ಯಾರಾದರೂ ಕೆಣಕುವುದುಂಟಾ ಮಾರಾಯ್ರೆ ಎಂದು ಪಕ್ಕದ ಮೇಜಿನವರು ಗೊಣಗಿದರು. ಆ ದಿನ ಲ್ಯಾಬಿನಲ್ಲಿ ಹೊಟ್ಟೆ ತುಂಬ ಉಂಡವರು ಮೇಡಂ ಒಬ್ಬರೇ. ಮತ್ತೂ ಒಂದೂವರೆ ವರ್ಷ ಕುಳಿತು, ಸಣ್ಣ ಗೆರೆಯನ್ನೇ ನಿಜವೆಂದು ಬರೆದು ಪದವಿ ಪಡೆದರು.

ಧಾರವಾಡದಲ್ಲಿ ಕೆಲಸ ಸಿಕ್ಕಿ ಹೊರಟ ಬೆಳಿಗ್ಗೆ ನಾನು ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನ್ನು ಕೇಳಿದರು, ಕಿಟಕಿ ಬಳಿ ಕುಳಿತವರನ್ನೂ ಕೇಳಿದರು. ಆಗ ನಾನು ಹೇಳಿಬಿಟ್ಟೆ: ಆ ದಿನ ಸುಳ್ಳು ಹೇಳಿದೆ ಮೇಡಂ, ಬ್ರಷ್ ಒಂದೇ ಇದ್ದದ್ದು.

"ಗೊತ್ತಿತ್ತು ಅಮ್ಮಾರ. ಮೊಳಿ ಎರಡ, ಬ್ರಷ್ ಒಂದ. ಮರುದಿನ ನೀಲಿದು ಬಂತು." ಎಲ್ಲಕ್ಕಿಂತ ಮೊದಲು, ಹೊಸ ಪಾತ್ರೆ ತಂದು ನನ್ನ ಹಳೆಯ ಬ್ರಷ್ಷನ್ನೇ ಅವರು ಪರೀಕ್ಷಿಸಿದ್ದರಂತೆ. ಬ್ರಷ್ ಮುಟ್ಟದ ಪಾತ್ರೆಯಲ್ಲೂ ಗೆರೆ ಅಷ್ಟೇ ಎದ್ದಿತ್ತು; ಬ್ರಷ್ಷಿನಿಂದ ಏನೂ ಆಗಿರಲಿಲ್ಲ.

ಮತ್ತೆ ಯಾರಿಗೂ ಯಾಕೆ ಹೇಳಲಿಲ್ಲ ಎಂದೆ.

"ಸರ್ ಕೇಳಿದ್ರು, ತೊಳೆಯೋರ ಮ್ಯಾಲೆ ಸಂಶಯ ಐತೇನು ಅಂತ. ಪರೀಕ್ಷಾ ಮಾಡೂತನಕ ಒಬ್ಬರ ಹೆಸರ ಹೇಳಬಾರ್ದು. ಮಾಡಿದ ಮ್ಯಾಲೆ ಹೇಳೂದೇನ ಉಳೀತು?"

ಬಸ್ಸು ಹೊರಟಿತು. ನಾನು ಕೈ ಬೀಸುವುದನ್ನೂ ಮರೆತೆ.

ಈಗ ಅವರ ಮೇಜಿನಲ್ಲಿ ಕಾರ್ಕಳದ ಒಬ್ಬಳು ಹುಡುಗಿ ಕೂರುತ್ತಾಳೆ. ಒಳ್ಳೆಯವಳು. ನಾನು ಹೇಳಿದ್ದನ್ನೆಲ್ಲ ನಂಬುತ್ತಾಳೆ. ನನಗೆ ಅದೇ ಹೆದರಿಕೆ.